ಮನೆಯಡಿಯ ಚಿಪ್ಪು

ಯಂತ್ರ ಮತ್ತೆ ಬೇಡ ಎಂದಿತು.

ಅದು ಮಾತಾಡುವ ಯಂತ್ರವಲ್ಲ. ಊಟದ ಡಬ್ಬಿಯಷ್ಟು ದೊಡ್ಡದು, ಒಂದು ಬದಿಯಲ್ಲಿ ಬೆರಳಗಲದ ಮೆತ್ತನೆ ಪಟ್ಟಿ, ಮೇಲೊಂದು ದೀಪ. ಪಟ್ಟಿಯನ್ನು ಯಾವುದಾದರೂ ವಸ್ತುವಿನ ಮೈಗೆ ಒತ್ತಿ ಹಿಡಿದರೆ ಸಿಂಪಿಯ ಮರಿ ಅಲ್ಲಿ ನೆಲೆಸುತ್ತದೋ ಇಲ್ಲವೋ ಎಂದು ದೀಪ ತಿಳಿಸುತ್ತದೆ. ಹಸಿರಾದರೆ ನೆಲೆಸುತ್ತದೆ, ಕೆಂಪಾದರೆ ಇಲ್ಲ. ಮರಿಯ ಪಾದದಲ್ಲಿ ರುಚಿ ಹಿಡಿಯುವ ಪ್ರೋಟೀನುಗಳೇನಿವೆಯೋ ಅವನ್ನೇ ಆ ಪಟ್ಟಿಯ ಮೇಲೆ ಬೆಳೆಸಿದ್ದರು. ಸಿಂಪಿಯ ಮರಿ ಸಾಕುವ ಆ ಮರಿಕೇಂದ್ರದಲ್ಲಿ ಎಲ್ಲರೂ ಅದನ್ನು ನಾಲಗೆ ಎಂದೇ ಕರೆಯುತ್ತಿದ್ದರು.

"ಇದೂ ಆಗೂದಿಲ್ಲ ಸರ್," ಎಂದು ದಮಯಂತಿ ಸಿಮೆಂಟಿನ ಅಚ್ಚಿನ ಚಿಪ್ಪನ್ನು ಬಕೆಟ್ಟಿಗೆ ಎಸೆದಳು. ಬಕೆಟ್ಟಿನಲ್ಲಿ ಅಂಥವು ಆಗಲೇ ಕುತ್ತಿಗೆಯವರೆಗೆ ತುಂಬಿದ್ದವು.

ಕೇಂದ್ರದ ಮುಖ್ಯಸ್ಥ ಲಿಗೋರಿ ಕನ್ನಡಕವನ್ನು ಹಣೆಗೇರಿಸಿ ಬಕೆಟ್ಟನ್ನು ನೋಡಿದ. "ಸುಣ್ಣ ಹೆಚ್ಚು ಮಾಡಿ ಕೊಟ್ಟೆ. ಮೈ ಒರಟು ಮಾಡಿ ಕೊಟ್ಟೆ. ಇನ್ನೆಂತ ಬೇಕಂತೆ ಈ ಮಹಾರಾಜನಿಗೆ, ಏಸಿ ರೂಮಾ?"

"ಹಳೇ ಚಿಪ್ಪು ಬೇಕಂತೆ."

"ಅದೊಂದು ಬಿಟ್ಟು ಬೇರೆ ಕೇಳು ಅಂತ ಹೇಳು."

ನೆಲ್ಲಿಕುರ್ವೆ ಅಳಿವೆಯ ನಡುವಿನ ನಡುಗಡ್ಡೆ. ದಮಯಂತಿ ಅಲ್ಲಿಗೆ ಮದುವೆಯಾಗಿ ಬಂದವಳು. ಕುರ್ವೆಯ ಪಡುವಣ ಬದಿಗೆ ಒಂದು ಕಾಲದಲ್ಲಿ ಸಿಂಪಿಯ ದಿಣ್ಣೆಯಿತ್ತು. ಸತ್ತ ಸಿಂಪಿಯ ಚಿಪ್ಪಿನ ಮೇಲೆ ಬದುಕಿದ ಸಿಂಪಿ, ಅದು ಸತ್ತ ಮೇಲೆ ಅದರ ಮೇಲೆ ಇನ್ನೊಂದು. ಹೀಗೆ ನೀರಿನಡಿಯಲ್ಲಿ ಎದ್ದು ನಿಂತ ಗೋಡೆಗೆ ಸಮುದ್ರ ಮೊದಲು ಬಡಿದು, ಸುಸ್ತಾಗಿ, ಆಮೇಲೆ ಊರಿಗೆ ಬರುತ್ತಿತ್ತು. ಎರಡು ತಲೆಮಾರಿನ ಹಿಂದೆ ದೊಡ್ಡ ದೊಡ್ಡ ಬಾರ್ಜುಗಳು ಬಂದು ಸಿಮೆಂಟಿಗೆಂದು, ಕೋಳಿಯ ಮೇವಿಗೆಂದು ಆ ಗೋಡೆಯನ್ನು ಬುಡದವರೆಗೆ ಹೀರಿಕೊಂಡು ಹೋದವು. ಉಳಿದದ್ದು ಕೆಸರು.

ಸಿಂಪಿ ಪೂರ್ತಿ ಸಾಯಲಿಲ್ಲ. ಸೇತುವೆಯ ಕಂಬಗಳಿಗೆ, ಕಾಂಡ್ಲ ಗಿಡಗಳ ಬೇರಿಗೆ ಅಲ್ಲಲ್ಲಿ ಕಚ್ಚಿಕೊಂಡು ಬದುಕಿತು, ಮರಿ ಬಿಟ್ಟಿತು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಮರಿಗಳು ಕೆಲವು ವಾರ ಈಜುತ್ತವೆ. ಆಮೇಲೆ ಅವಕ್ಕೆ ಒಂದು ಪಾದ ಮೂಡುತ್ತದೆ. ಆ ಪಾದದಿಂದ ತಡವಿ ತಡವಿ, ತನ್ನ ಜಾತಿಯ ಹಳೆಯ ಚಿಪ್ಪಿನ ರುಚಿ ಸಿಕ್ಕಿದ ಕಡೆ ಮರಿ ಅಂಟು ಸುರಿಸಿಕೊಂಡು ಕೂರುತ್ತದೆ. ಕೂತ ಮೇಲೆ ಪಾದ ಕರಗಿಹೋಗುತ್ತದೆ, ಮತ್ತೆ ಜೀವಮಾನವಿಡೀ ಅಲ್ಲಾಡುವಂತಿಲ್ಲ. ಚಿಪ್ಪು ಸಿಗದ ಮರಿ ಕೆಸರಿನಲ್ಲಿ ಹೂತು ಉಸಿರು ಕಟ್ಟಿ ಸಾಯುತ್ತದೆ. ಕುರ್ವೆಯ ಪಡುವಣದಲ್ಲಿ ಪ್ರತಿ ವರ್ಷ ಕೋಟಿಗಟ್ಟಲೆ ಮರಿಗಳು ಹಾಗೆ ಸತ್ತವು.

ಸಮುದ್ರ ಏರತೊಡಗಿದ ಮೇಲೆ ಸರಕಾರದ ಪ್ರಾಧಿಕಾರ ಕರಾವಳಿಯ ಊರುಗಳನ್ನೆಲ್ಲ ಎರಡಾಗಿ ವಿಂಗಡಿಸಿತು. ಉಳಿಸುವ ಊರು, ಬಿಡುವ ಊರು. ಎದುರಿಗೆ ಜೀವಂತ ದಿಣ್ಣೆಯಿಲ್ಲದ ಕಡೆ ಕಲ್ಲಿನ ಕಟ್ಟು ಹಾಕಿದರೆ ಸಮುದ್ರ ಕಲ್ಲನ್ನೂ ನುಂಗುತ್ತದೆ ಎನ್ನುವುದು ಅವರ ಲೆಕ್ಕ. ಅದು ಸುಳ್ಳಲ್ಲ. ನೆಲ್ಲಿಕುರ್ವೆ ಎರಡರ ಗಡಿಯಲ್ಲಿತ್ತು. ಮಳೆಗಾಲದ ಮುಂಚಿನ ತಪಾಸಣೆಯಲ್ಲಿ ದಿಣ್ಣೆಯ ಜಾಗದಲ್ಲಿ ಮರಿ ಹಿಡಿದದ್ದು ಕಂಡರೆ ಊರಿಗೆ ಕಟ್ಟಿನ ಕಲ್ಲು ಬರುತ್ತದೆ. ಕಾಣದಿದ್ದರೆ ಜನರನ್ನು ಹೊತ್ತೊಯ್ಯಲು ಬೋಟು ಬರುತ್ತದೆ.

ಬೇರೆ ಅಳಿವೆಯಿಂದ ಚಿಪ್ಪು ತರುವಂತಿರಲಿಲ್ಲ. ಚಿಪ್ಪಿನ ಜೊತೆ ರೋಗ ಬರುತ್ತದೆಂದು ಕಾನೂನೇ ಇತ್ತು. ಆದ್ದರಿಂದ ಅಚ್ಚು, ಮತ್ತೆ ಅಚ್ಚು, ಮತ್ತೆ ಕೆಂಪು ದೀಪ.

*

ನಾಲಗೆಯ ಬ್ಯಾಟರಿ ಆಗಾಗ ಕೈಕೊಡುತ್ತಿದ್ದುದರಿಂದ ದಮಯಂತಿ ಅದನ್ನು ಮನೆಗೆ ತಂದು ಚಾರ್ಜಿಗೆ ಹಾಕುತ್ತಿದ್ದಳು. ಆ ದಿನ ಅವಳು ಅಡುಗೆಮನೆಗೆ ಬಂದಾಗ ಅತ್ತೆ ಗಣಪಿ ಕೈಯಲ್ಲಿ ಕತ್ತಿ ಹಿಡಿದು ನೆಲದ ಮೂಲೆಯನ್ನೇ ದಿಟ್ಟಿಸುತ್ತ ಕುಕ್ಕರುಗಾಲಲ್ಲಿ ಕೂತಿದ್ದಳು.

"ಎಂತ ಅತ್ತೆ?"

"ಹೆಗ್ಗಣ. ನಿನ್ನ ಗಂಡನಿಗೆ ನೆಲ ಸಾರಿಸಿ ಕೊಡು ಅಂತ ಹೇಳಿ ಹೇಳಿ ನನ್ನ ಹಲ್ಲು ಉದುರ್ತು. ಈಗ ನೋಡು, ಹೆಗ್ಗಣವೇ ಸಂಸಾರ ಹೂಡ್ಯದೆ."

ಬಿಲದ ಬಾಯಲ್ಲಿ ಹಸಿಮಣ್ಣು ಮತ್ತು ಅಂಗೈಯಗಲದ ಒಂದು ಚಿಪ್ಪು ಬಿದ್ದಿತ್ತು. ಕುರ್ವೆಯ ಮನೆಗಳೆಲ್ಲ ಅಂಥ ಚಿಪ್ಪಿನ ದಿಬ್ಬಗಳ ಮೇಲೆಯೇ ನಿಂತಿದ್ದವು. ಮನೆಯಲ್ಲಿ ಸಿಂಪಿ ಬಿಡಿಸಿ ತಿಂದರೆ ಚಿಪ್ಪನ್ನು ಹಿತ್ತಿಲ ಗೋಡೆಯ ಬುಡಕ್ಕೆ ಸುರಿದು ಮೇಲೆ ಮಣ್ಣು ಮೆತ್ತುವುದು, ದಿಬ್ಬ ಅಗಲವಾದಾಗ ಮನೆಯನ್ನು ಅದರ ಮೇಲೆ ಬೆಳೆಸುವುದು. ದಿಬ್ಬ ಎತ್ತರವಿದ್ದ ಮನೆಗೆ ಹೆಣ್ಣು ಕೊಡಲು ಜನ ಮುಂದಾಗುತ್ತಿದ್ದರು. ನೀರು ನುಗ್ಗುವುದಿಲ್ಲವಲ್ಲ.

ದಮಯಂತಿ ಆ ಚಿಪ್ಪನ್ನು ಎಷ್ಟೋ ಸಲ ನೋಡಿದ್ದಳು. ಅದರ ಮೇಲೆ ನಡೆದಿದ್ದಳು, ಮಲಗಿದ್ದಳು. ಈಗ ಯಾಕೆಂದು ಗೊತ್ತಿಲ್ಲದೆ ನಾಲಗೆಯನ್ನು ಎತ್ತಿ ಅದಕ್ಕೆ ಒತ್ತಿದಳು.

ಹಸಿರು.

ಒರೆಸಿ ಮತ್ತೆ ಒತ್ತಿದಳು. ಹಸಿರು. ಗಾಳಿಯಾಡದ ಹಸಿಮಣ್ಣಿನಲ್ಲಿ ಚಿಪ್ಪಿನ ರುಚಿ ಹಾಗೇ ಉಳಿದುಕೊಂಡಿತ್ತು.

"ಅಯ್ಯ, ಅದನ್ನ ಮುಟ್ಟಿ ಕೈ ತೊಳ್ಯದೆ ನಿಂತ್ಯಲೇ ಹೆಣ್ಣೆ," ಎಂದಳು ಗಣಪಿ. "ಎಂತ ಆಯ್ತು? ಮುಖ ಯಾಕೆ ಹಂಗಾಯ್ತು?"

ದಮಯಂತಿ ನೆಲ ನೋಡಿದಳು, ಗೋಡೆ ನೋಡಿದಳು, ಒಲೆ ನೋಡಿದಳು. ಬಾರ್ಜುಗಳು ಹೊಳೆಯನ್ನೆಲ್ಲ ಬಾಚಿದ್ದವು. ಮನೆಯಡಿಗೆ ಮಾತ್ರ ಕೈ ಹಾಕಿರಲಿಲ್ಲ.

*

ಊರವರು ಶಾಲೆಯ ಜಗಲಿಯಲ್ಲಿ ಸೇರಿದರು. ದಮಯಂತಿ ಹೇಳುವುದನ್ನೆಲ್ಲ ಹೇಳಿದಳು. ದಿಬ್ಬ ಅಗೆಯಬೇಕು, ಮನೆ ಇಳಿಸಬೇಕು. ಕಟ್ಟಿಗೆ ಕಲ್ಲು ಬಂದ ಮೇಲೆ ಮಣ್ಣು ತುಂಬಿ ಮನೆ ಮತ್ತೆ ಕಟ್ಟಬಹುದು. ಅಲ್ಲಿಯವರೆಗೆ ಶಾಲೆಯಲ್ಲಿ, ದೋಣಿಯಲ್ಲಿ, ಎಲ್ಲಾದರೂ.

"ಹಂಗಾರೆ ಊರು ಉಳಿಸೂಕೆ ಊರು ಅಗೀಬೇಕು ಅಂತ ಆಯ್ತು," ಎಂದ ಜಟ್ಟಿ. ಕುರ್ವೆಯಲ್ಲೇ ಎತ್ತರದ ದಿಬ್ಬ ಅವನದು. ವಯಸ್ಸಾದರೂ ಬಲೆ ಬೀಸುವ ತೋಳು. "ಸಿಂಪಿಗೆ ಸಿಮೆಂಟಿನ ಮನೆ ಆಗೂದಿಲ್ಲವಂತೆ. ನಮ್ಗೆ ಆಗ್ತದೆ ಮಾರಾಯ್ತಿ, ನಮ್ಗೆ ಕೊಡೂಕೆ ಹೇಳು."

ಜನ ನಕ್ಕರು.

"ಜಟ್ಟಿಮಾವ, ಬಿಡುವ ಊರು ಅಂತ ಬರೆದರೆ ಸಿಮೆಂಟೂ ಇಲ್ಲ, ಮಣ್ಣೂ ಇಲ್ಲ. ಘಟ್ಟದ ಬುಡದಲ್ಲಿ ತಗಡಿನ ಶೆಡ್ಡು. ಅಲ್ಲಿ ನಿಮ್ಮ ಬಲೆ ಎಲ್ಲಿಗೆ ಬೀಸ್ತ್ರಿ?"

"ಅಲ್ಲೂ ಒಂದು ಯಂತ್ರ ಮಾಡಿ ಕೊಡು. ಗುಡ್ಡೆಮೇಲೆ ಮೀನು ಹಿಡೂದು."

ಮತ್ತೆ ನಗೆ. ಆದರೆ ಈ ಸಲ ಅದು ಬೇಗ ನಿಂತಿತು. ಶೆಡ್ಡುಗಳನ್ನು ಎಲ್ಲರೂ ನೋಡಿದ್ದರು. ಪಕ್ಕದ ಕುರ್ವೆಯವರು ಅಲ್ಲಿದ್ದರು.

ಮೊದಲು ಎದ್ದು ನಿಂತವಳು ಗಣಪಿ. "ನಮ್ಮ ಮನೆ ಮೊದಲು ಅಗೀರಿ," ಎಂದಳು. "ನನ್ನ ಸೊಸೆ ಹೇಳ್ದ ಮಾತು. ನಮ್ಮನೆ ಬಿಟ್ಟು ಬೇರೆಯವರ ಮನೆ ಅಗೆದ್ರೆ ನಾ ಊರಲ್ಲಿ ತಲೆ ಎತ್ತಿ ತಿರ್ಗೂದು ಹ್ಯಾಂಗೆ?"

ದಮಯಂತಿಯ ಗಂಡ ಪುರ್ಸು ತಾಯಿಯ ಮುಖ ನೋಡಿ, ಹಾರೆ ತರಲು ಮನೆ ಕಡೆ ಹೊರಟ. ಒಬ್ಬೊಬ್ಬರಾಗಿ ಒಪ್ಪಿದರು. ಜಟ್ಟಿ ಮಾತ್ರ ಚಪ್ಪಲಿ ಹುಡುಕಿಕೊಂಡು ಎದ್ದುಹೋದ.

*

ಹೆಂಚು ಇಳಿಯಿತು, ರೀಪು ಇಳಿಯಿತು, ಬಾಗಿಲು ಚೌಕಟ್ಟಿನ ಸಮೇತ ಹೊರಬಂತು. ಅಡುಗೆಮನೆ ಇದ್ದ ಜಾಗದಲ್ಲಿ ಪುರ್ಸು ಹಾರೆ ಹಾಕಿದಾಗ ಕರ್ ಎಂದು ಸದ್ದಾಯಿತು. ಬುಟ್ಟಿ ಬುಟ್ಟಿ ಚಿಪ್ಪು. ದಮಯಂತಿ ಮೊದಲ ಬುಟ್ಟಿಗಳಿಗೆ ನಾಲಗೆ ಒತ್ತಿ ನೋಡಿದಳು. ಎಲ್ಲ ಹಸಿರು. ಆ ರಾಶಿಯ ಮುಂದೆ ಅವಳು ಅತ್ತಳು, ಸಂತೋಷಕ್ಕೋ ಮನೆ ಹೋದ ದುಃಖಕ್ಕೋ ಅವಳಿಗೇ ಗೊತ್ತಾಗಲಿಲ್ಲ.

"ನೀ ನಿನ್ನ ಮರಿ ನೋಡ್ಕ," ಎಂದಳು ಗಣಪಿ. "ಚಿಪ್ಪು ನಾವು ಹೆಂಗಸರು ಹಸನು ಮಾಡಿ ಇಡ್ತೇವೆ."

ಮಣ್ಣು ಜಾಡಿಸಿ ಇಡುತ್ತಾರೆ ಎಂದುಕೊಂಡು ದಮಯಂತಿ ತಲೆಯಾಡಿಸಿದಳು.

ಆಮೇಲೆ ಅವಳು ಆಚೆ ದಡದ ಮರಿಕೇಂದ್ರ ಬಿಟ್ಟು ಅಲ್ಲಾಡುವಂತಿರಲಿಲ್ಲ. ತೊಟ್ಟಿಗಳಲ್ಲಿ ಮರಿಗಳಿಗೆ ಪಾದ ಮೂಡುವ ಸಮಯ. ನೀರಿನ ಉಪ್ಪು ಸ್ವಲ್ಪ ಏರಿದರೂ, ಬಿಸಿ ಸ್ವಲ್ಪ ಹೆಚ್ಚಾದರೂ ತೊಟ್ಟಿಗೆ ತೊಟ್ಟಿಯೇ ಸಾಯುತ್ತದೆ. ಲಿಗೋರಿಯೂ ಅವಳೂ ಸರದಿಯ ಮೇಲೆ ಕಾದರು. ಕಿಟಕಿಯಿಂದ ನೋಡಿದರೆ ಕುರ್ವೆಯ ಮೇಲೆ ಹಗಲೆಲ್ಲ ಹೊಗೆ ಏಳುತ್ತಿತ್ತು.

"ಊರಿಗೆಲ್ಲ ಒಂದೇ ಅಡುಗೆ ಮಾಡ್ತಾ ಇದ್ದಾರೆ ಕಾಣ್ತದೆ," ಎಂದ ಲಿಗೋರಿ. "ನಮಗೂ ಒಂದು ತಟ್ಟೆ ಕಳಿಸ್ಬಹುದಿತ್ತು."

ಮರಿ ತಯಾರಾದ ದಿನ ಊರ ದೋಣಿಗಳೆಲ್ಲ ಸಾಲಾಗಿ ನಿಂತು ಚಿಪ್ಪನ್ನು ದಿಣ್ಣೆಯ ಜಾಗಕ್ಕೆ ಸುರಿದವು. ಎಂಥ ಚಿಪ್ಪು! ಬೆಳ್ಳಗೆ, ಹಲ್ಲಿನ ಹಾಗೆ. ಇಳಿತದ ನೀರಿನಲ್ಲಿ ಹೊಳೆಯ ತಳವೇ ಬೆಳಗಿತು. ತೊಟ್ಟಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಬಾಕಿ ಎಲ್ಲದರ ಮರಿಗಳನ್ನೂ ಅದರ ಮೇಲೆ ಬಿಟ್ಟರು.

ದಮಯಂತಿ ಒಂದೊಂದೇ ಚಿಪ್ಪು ಎತ್ತಿ ಭೂತಗನ್ನಡಿಯಲ್ಲಿ ನೋಡುತ್ತ ಹೋದಳು. ಒಂದು ಮರಿಯೂ ಕೂತಿರಲಿಲ್ಲ. ಮಾರನೆಯ ದಿನವೂ ಇಲ್ಲ. ಆಗ ಅವಳು ನಾಲಗೆ ತೆಗೆದು ಒತ್ತಿದಳು.

ಕೆಂಪು. ಕೆಂಪು. ಕೆಂಪು.

*

ಶಾಲೆಯ ಹಿಂದೆ ಮೂರು ಹಂಡೆಗಳು ಕಲ್ಲಿನ ಒಲೆಗಳ ಮೇಲೆ ಇನ್ನೂ ಕೂತಿದ್ದವು. ತಳದಲ್ಲಿ ಬೂದಿನೀರು. ಗಣಪಿ ಅದರಲ್ಲೊಂದನ್ನು ತಿಕ್ಕುತ್ತಿದ್ದಳು.

"ಅತ್ತೆ, ಚಿಪ್ಪಿಗೆ ಎಂತ ಮಾಡ್ದ್ರಿ?"

"ಎಂತ ಮಾಡೂದು? ಹಸನು ಮಾಡ್ದೆವು."

"ಹಸನು ಅಂದ್ರೆ?"

"ಬೂದಿನೀರಲ್ಲಿ ಕುದ್ಸಿ, ಉಜ್ಜಿ, ಬಿಸಿಲಿಗೆ ಹಾಕಿ. ಒಂದು ಚಿಪ್ಪೂ ಬಿಡ್ಲಿಲ್ಲ ನೋಡು. ಕೈ ನೋಡು ನನ್ನದು, ಚರ್ಮ ಸುಲ್ದು ಹೋಗ್ಯದೆ." ಗಣಪಿ ನಗುತ್ತ ಕೈ ಚಾಚಿದಳು.

"ಯಾಕೆ ಅತ್ತೆ? ಕುದ್ಸೂಕೆ ಯಾರು ಹೇಳ್ದ್ರು?"

"ಯಾರಾದ್ರೂ ಹೇಳೂದೆಂತ ಅದರಲ್ಲಿ? ಎಂಜಲಲ್ವೇ ಅದು? ನಮ್ಮ ಅಜ್ಜಿ ಮುತ್ತಜ್ಜಿ ಬಾಯಿಗಿಟ್ಟು ಚೀಪಿ ಬಿಟ್ಟದ್ದು. ಹಂಗೇ ತಕಂಡು ಹೋಗಿ ಹೊಳೆತಾಯಿ ಮೈಮೇಲೆ ಸುರಿಯೂಕೆ ಆಗ್ತದ್ಯಾ?"

ದಮಯಂತಿಗೆ ಆಗ ತಿಳಿಯಿತು. ಕುರ್ವೆಯವರು ಹೊಳೆಗೆ ಇಳಿದು ಬಾಯಿ ಮುಕ್ಕಳಿಸುವುದಿಲ್ಲ, ಉಂಡ ಎಲೆ ಬಿಡುವುದಿಲ್ಲ. ಚಿಪ್ಪು ಹೊಳೆಗೆ ಹೋಗದೆ ಮನೆಯಡಿಗೆ ಹೋದದ್ದೂ ಅದಕ್ಕೇ. ಯಾವ ಮಡಿ ಈ ಚಿಪ್ಪನ್ನು ತಲೆಮಾರುಗಟ್ಟಲೆ ಕಾದು ಕೊಟ್ಟಿತ್ತೋ ಅದೇ ಅದರ ರುಚಿಯನ್ನು ಕುದಿಸಿ ತೆಗೆದಿತ್ತು. ಅವಳು ಈ ಮನೆಯಲ್ಲಿ ಉಂಡು, ಈ ಹೊಳೆಯಲ್ಲಿ ಬಟ್ಟೆ ಒಗೆದು, ಒಂದು ದಿನವೂ ಯಾಕೆಂದು ಕೇಳಿರಲಿಲ್ಲ.

"ಮರಿ ಕೂರಲಿಲ್ಲ ಅತ್ತೆ."

"ಕೂರ್ತದೆ. ನಾಳೆ ಕೂರ್ತದೆ."

"ಕೂರೂದಿಲ್ಲ. ರುಚಿ ಹೋಯ್ತು. ತಿಂಗಳುಗಟ್ಟಲೆ ಹೊಳೆಯಲ್ಲಿದ್ದರೆ ಮತ್ತೆ ಬರ್ತದೇನೋ. ಮಳೆಗಾಲದೊಳಗೆ ಬರೂದಿಲ್ಲ."

ಗಣಪಿಯ ಕೈ ಹಂಡೆಯೊಳಗೇ ನಿಂತಿತು. ಅವಳು ಸೊಸೆಯನ್ನು ನೋಡಲಿಲ್ಲ. ಹಂಡೆಯ ಅಂಚಿನಾಚೆ, ಮೊನ್ನೆಯವರೆಗೆ ಮನೆಗಳಿದ್ದ ಗುಂಡಿಗಳ ಕಡೆ ನೋಡುತ್ತಿದ್ದಳು. ಉಬ್ಬರದ ನೀರು ದಡದ ಉಪ್ಪುನೆಲದ ಗಜನಿ ಗದ್ದೆ ದಾಟಿ ಅವುಗಳಲ್ಲಿ ಆಗಲೇ ನಿಲ್ಲತೊಡಗಿತ್ತು.

"ನಾನೇ ಹೇಳ್ದವಳು," ಎಂದಳು. "ಪಕ್ಕದಮನೆ ಜಾನಕಿ ಬರೇ ತೊಳ್ದ್ರೆ ಸಾಕು ಅಂದ್ಲು. ನಾನೇ ಬೈದೆ."

*

ಅಮಾವಾಸ್ಯೆಯ ಉಬ್ಬರ ಶಾಲೆಯೊಳಗೆ ನುಗ್ಗಿತು. ಊರಲ್ಲಿ ಒಣಗಿದ ನೆಲ ಅಂತ ಉಳಿದದ್ದು ಒಂದೇ, ಜಟ್ಟಿಯ ದಿಬ್ಬ. ಜನ ಪಾತ್ರೆ, ಕೋಳಿ, ಹಾಸಿಗೆ ಹೊತ್ತು ಅಲ್ಲಿಗೆ ಹತ್ತಿದರು. ಜಟ್ಟಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಒಂದೊಂದು ಮಾತು ಕೊಟ್ಟು ಒಳಗೆ ಬಿಟ್ಟ. "ಬಾ ಬಾ, ಮೊನ್ನೆ ನನ್ನ ಹೆಡ್ಡ ಅಂದವ ನೀನೇ ಅಲ್ದಾ? ಆ ಮೂಲೆಲಿ ಕೂತ್ಕ. ಮಾಡು ಸೋರ್ತದೆ, ಅದು ನಿಂಗೇ ಇರ್ಲಿ."

ದಮಯಂತಿ ಕೊನೆಯಲ್ಲಿ ಹತ್ತಿದಳು. ಕೈಯಲ್ಲಿ ನಾಲಗೆ ಇತ್ತು. ಜಟ್ಟಿ ಅದನ್ನು ನೋಡಿದ, ಅವಳನ್ನು ನೋಡಿದ.

"ಕೇಳ್ಬೇಡ," ಎಂದ.

"ಒಂದು ತೊಟ್ಟಿ ಮರಿ ಉಳ್ದದೆ ಜಟ್ಟಿಮಾವ. ನಾಳೆ ಬಿಡದಿದ್ರೆ ತೊಟ್ಟಿಯಲ್ಲೇ ಸಾಯ್ತವೆ."

"ಕೇಳ್ಬೇಡ ಅಂದೆ ಅಲಾ."

"ಕುದಿಸದ ಚಿಪ್ಪು ಇರೂದು ನಿಮ್ಮ ಕಾಲಡಿಗೆ ಮಾತ್ರ."

"ನನ್ನ ಕಾಲಡಿಗೆ ಈಗ ಊರೇ ಕೂತದೆ! ಇವರನ್ನ ಎಲ್ಲಿ ಇಡ್ತೆ? ನಿನ್ನ ಡಬ್ಬಿಯೊಳಗ್ಯಾ?"

ಅವಳ ಮಾತು ನಂಬಿ ಊರು ಒಂದು ಸಲ ಮನೆ ಕಳೆದುಕೊಂಡಾಗಿತ್ತು. ಜಗಲಿಯಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಮುಖ ಆಚೆ ತಿರುಗಿಸಿದರು. ಪುರ್ಸು ಕೂಡ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಳಗಿನ ಮೆಟ್ಟಿಲನ್ನು ನೀರು ನೆಕ್ಕುತ್ತಿತ್ತು.

ಆಗ ಒಳಗಿನಿಂದ ಗಣಪಿ ಬಂದಳು. ಜಗಲಿಯ ಕೊನೆಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಸುಲಿದ ಬೆರಳುಗಳಿಂದ ದಿಬ್ಬದ ಬದಿಯ ಮಣ್ಣು ಕೀಳತೊಡಗಿದಳು.

"ಏ ಗಣಪಿ! ಎಂತ ಮಾಡ್ತೆ? ಕಂಬದ ಬುಡ ಅದು!"

"ಕಂಬ ಬಿಟ್ಟು ಅಗೀತೆ."

"ಕೈಯಲ್ಲಿ ಅಗೀತ್ಯಾ? ಹುಚ್ಚು ಹಿಡ್ದದ್ಯಾ?"

"ಹೌದು."

ಅವಳು ಒಂದು ಚಿಪ್ಪು ಕಿತ್ತು ಮಡಿಲಿಗೆ ಹಾಕಿಕೊಂಡಳು, ಇನ್ನೊಂದನ್ನು ಕಿತ್ತಳು. ಅವಳ ಬೆರಳ ರಕ್ತ ಚಿಪ್ಪಿಗೆ ಅಂಟುತ್ತಿತ್ತು. ಜಟ್ಟಿ ಕೆಟ್ಟ ಬೈಗುಳವೊಂದನ್ನು ಉಗುಳಿ, ಒಳಗೆ ಹೋಗಿ, ಹಾರೆ ತಂದು ಪುರ್ಸುವಿನ ಎದುರು ಎಸೆದ.

"ನಿನ್ನ ಆಯಿ ಸಾಯೂದ್ರೊಳಗೆ ಏಳು. ಪೂರ್ವದ ಬದಿಯಿಂದ ತೆಗಿ, ಅಡುಗೆಮನೆ ಹೋದ್ರೆ ಹೋಗ್ಲಿ. ಹೆಂಗಸರೆಲ್ಲ ಪಡಸಾಲೆಗೆ ಬರ್ರಿ." ಆಮೇಲೆ ದಮಯಂತಿಗೆ: "ಈ ಸಲ ಒಂದೊಂದು ಬುಟ್ಟಿನೂ ನೋಡು. ನನ್ನ ಮನೆ ಬಾಣಂತಿಮದ್ದಲ್ಲ, ಕುದ್ಸಿ ಕುಡಿಯೂಕೆ."

ಯಾರೂ ನಗಲಿಲ್ಲ, ಆದರೆ ಎಲ್ಲರೂ ಎದ್ದರು. ಅಡುಗೆಮನೆಯ ಮಾಡು ಒಂದು ಬದಿಗೆ ವಾಲಿತು. ಪ್ರತಿ ಬುಟ್ಟಿಗೂ ನಾಲಗೆ ಹಸಿರಾಯಿತು.

ಇಳಿತ ಶುರುವಾದಾಗ ದೋಣಿಗಳು ದಿಣ್ಣೆಯ ಜಾಗಕ್ಕೆ ಬಂದವು. ಮೊದಲ ಬುಟ್ಟಿ ಗಣಪಿಯ ಕೈಯಲ್ಲಿತ್ತು. ಮಣ್ಣು ಹಿಡಿದ, ಕಪ್ಪಾದ, ಯಾರೋ ಚೀಪಿ ಎಸೆದ ಚಿಪ್ಪು. ಅವಳು ಅದನ್ನು ದೋಣಿಯ ಅಂಚಿಗೆ ತಂದಳು, ಬಗ್ಗಿಸಲಾಗಲಿಲ್ಲ. ದಮಯಂತಿ ಕೈ ಚಾಚಿದಳು.

"ಕೊಡಿ ಅತ್ತೆ. ನಾ ಹಾಕ್ತೆ."

"ಬೇಡ. ನೀ ಹೊರಗಿಂದ ಬಂದವಳು. ಶಾಪ ತಟ್ಟಿದ್ರೆ ನಂಗೇ ತಟ್ಲಿ." ಗಣಪಿ ಕಣ್ಣು ಮುಚ್ಚಿ ಬುಟ್ಟಿ ಮಗುಚಿದಳು.

ಚಿಪ್ಪು ಬಹಳವಿರಲಿಲ್ಲ. ಹಳೆಯ ದಿಣ್ಣೆಯ ಉದ್ದಕ್ಕೆ ಅದು ಒಂದು ತುಂಡು ಅಷ್ಟೆ. ಅದರ ಮೇಲೆ ಕೊನೆಯ ತೊಟ್ಟಿಯ ಮರಿಗಳನ್ನು ಬಿಟ್ಟರು. ಮರುದಿನ ದಮಯಂತಿ ಕೊಕ್ಕೆಯಿಂದ ಒಂದು ಚಿಪ್ಪು ಎತ್ತಿ ಭೂತಗನ್ನಡಿ ಹಿಡಿದಳು. ಹಳೆಯ ಚಿಪ್ಪಿನ ಒಳಮೈಯಲ್ಲಿ, ಎಳ್ಳಿಗಿಂತ ಎಷ್ಟೋ ಸಣ್ಣದಾದ ಕಂದು ಚುಕ್ಕೆಗಳು. ಬೆರಳಿಂದ ನೀರು ಹಾಯಿಸಿದಳು. ಚುಕ್ಕೆಗಳು ಅಲ್ಲಾಡಲಿಲ್ಲ. ಕೂತಿದ್ದವು.

*

ಅಂದೇ ಮಧ್ಯಾಹ್ನ ಬೋಟು ಕಂಡಿತು.

ತಪಾಸಣೆಯವರು ಬರಲು ಇನ್ನೂ ದಿನಗಳಿದ್ದವು. ಇದು ಜನರನ್ನು ಹೊತ್ತೊಯ್ಯುವ ದೊಡ್ಡ ಬೋಟು. ಕುರ್ವೆ ಮುಳುಗಿದ ಸುದ್ದಿ ಹೇಗೋ ಮುಟ್ಟಿರಬೇಕು. ಉಬ್ಬರದ ನೀರಿನಲ್ಲಿ ಅದು ನೇರವಾಗಿ, ಪಡುವಣದಿಂದ, ದಿಣ್ಣೆಯ ಮೇಲಿನ ದಾರಿಯಲ್ಲೇ ಬರುತ್ತಿತ್ತು. ಅದರ ಫ್ಯಾನು ತಿರುಗಿದ ಕಡೆಯೆಲ್ಲ ತಳದ ಕೆಸರು ಎದ್ದು ನೀರು ಕಾಫಿಯ ಬಣ್ಣವಾಗುತ್ತಿತ್ತು. ಆ ಕೆಸರು ಕೆಳಗೆ ಕೂರುವಾಗ ಚುಕ್ಕೆಗಳ ಮೇಲೆ ಕೂರುತ್ತದೆ. ಅವಕ್ಕೆ ಎದ್ದು ಬೇರೆ ಕಡೆ ಹೋಗಲು ಈಗ ಪಾದವಿಲ್ಲ.

ಅರ್ಧ ಅಗೆದ ದಿಬ್ಬದ ಮೇಲೆ ಎಲ್ಲರೂ ಎದ್ದು ನಿಂತು ಕೈ ಬೀಸಿದರು. ಬರಬೇಡಿ, ಬರಬೇಡಿ. ಬೋಟಿನವರಿಗೆ ಅದು ಕರೆದಂತೆ ಕಂಡಿತು. ಬೋಟಿನ ವೇಗ ಹೆಚ್ಚಾಯಿತು.

ಜಟ್ಟಿ ಮೊದಲು ದೋಣಿಗೆ ಹಾರಿದ. ಆಮೇಲೆ ಪುರ್ಸು, ದಮಯಂತಿ, ಗಣಪಿ, ಊರೆಲ್ಲ. ಹುಟ್ಟು ಹಾಕುತ್ತ ಹೋಗಿ ದಿಣ್ಣೆಯ ಆಚೆ ಅಂಚಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಅಡ್ಡ ನಿಂತರು. ಬೋಟು ಹತ್ತಿರ ಬಂದು, ಹತ್ತಿರ ಬಂದು, ಕೊನೆಗೆ ಎಂಜಿನ್ನು ಬಂದ್ ಮಾಡಿತು. ಅದರ ಅಲೆಗೆ ದೋಣಿಗಳು ಮೇಲೆ ಕೆಳಗೆ ಆದವು.

"ಹತ್ತಿ, ಹತ್ತಿ!" ಎಂದು ಡ್ರೈವರ್ ಕೂಗಿದ. "ಸಾಮಾನು ಬಿಟ್ಟುಬಿಡಿ, ಮೊದಲು ಮಕ್ಕಳನ್ನ ಕೊಡಿ! ರೇಡಿಯೋದಲ್ಲಿ ಗಾಳಿ ಹೇಳಿದ್ದಾರೆ!"

"ಇಲ್ಲಿಂದ ಬರ್ಬೇಡಿ!" ದಮಯಂತಿ ದೋಣಿಯಲ್ಲಿ ಎದ್ದು ನಿಂತು ಕೂಗಿದಳು. "ಕೆಳಗೆ ಮರಿ ಕೂತದೆ! ಪೂರ್ವದಿಂದ ಬನ್ನಿ!"

"ಪೂರ್ವದಲ್ಲಿ ನಿಮ್ಮ ಗದ್ದೆಯ ಹಳೇ ಕಟ್ಟು ಒಡೆದು ಕಲ್ಲೆಲ್ಲ ನೀರಿನಡಿಗಿದೆ. ಬೋಟು ಸೀಳಿಹೋಗ್ತದೆ. ಯಾವ ಮರಿ? ಎಂತ ಮರಿ?"

ಅವಳು ಹೇಳಲು ಬಾಯಿ ತೆರೆದಳು. ಎಳ್ಳಿಗಿಂತ ಸಣ್ಣದು ಎನ್ನಬೇಕೇ, ನೆಟ್ಟಗೆ ಬೆಳೆದು ಗೋಡೆಯಾಗಲು ವರ್ಷಗಳು ಬೇಕು ಎನ್ನಬೇಕೇ, ಆಗಲೂ ಆದೀತೆಂದು ಖಾತ್ರಿಯಿಲ್ಲ ಎನ್ನಬೇಕೇ? ಅವಳು ಹಿಂದೆ ತಿರುಗಿ ನೋಡಿದಳು. ದೋಣಿಗಳಲ್ಲಿ ಜನ ಇದ್ದರು. ಮಡಿಲಲ್ಲಿ ಮಕ್ಕಳಿದ್ದವು. ಹೋಗುವವರು ಹೋಗಿ ಎಂದು ಹೇಳಬೇಕೆನಿಸಿತು. ಹೇಳಿದಳು.

"ಹೋಗೂರು ಹೋಗಿ. ದೋಣಿಯಿಂದಲೇ ಹತ್ತಿ. ಬೋಟು ಮುಂದೆ ಬಾರದಿದ್ರೆ ಸಾಕು."

ಮಕ್ಕಳ ತಾಯಂದಿರು ಹತ್ತಿದರು. ಮುದುಕರಲ್ಲಿ ಕೆಲವರು ಹತ್ತಿದರು. ಅಡ್ಡ ಕಟ್ಟಿದ್ದ ದೋಣಿಗಳ ಸಾಲು ಅವರು ಹತ್ತಿದಂತೆಲ್ಲ ಹಗುರಾಗಿ ಅಲ್ಲಾಡಿತು. ಡ್ರೈವರ್ ಗಣಪಿಗೆ ಕೈ ಚಾಚಿದ.

"ಬಾ ಅಜ್ಜಿ."

"ನೀ ಹಿಂದೆ ಹೋಗುವಾಗ ಎಂಜಿನ್ ಹಾಕ್ತ್ಯಾ?"

"ಹಾಕ್ದೆ ಹ್ಯಾಗೆ ಹೋಗೂದು?"

"ಇಳಿತ ಶುರುವಾಗೂವರೆಗೆ ತಡಿ. ನೀರೇ ನಿನ್ನ ಹೊರಗೆ ಎಳ್ಕಂಡು ಹೋಗ್ತದೆ. ದಿಣ್ಣೆಯಿಂದ ದೂರ ಆದ ಮೇಲೆ ಹಾಕು."

ಡ್ರೈವರ್ ಆಕಾಶ ನೋಡಿದ. ನೈರುತ್ಯದ ಕಡೆ ಕಪ್ಪಾಗುತ್ತಿತ್ತು. "ಅಷ್ಟು ಹೊತ್ತು ಕಾಯೂಕಾಗೂದಿಲ್ಲ ಅಜ್ಜಿ. ಇವರ ಜೀವ ನನ್ನ ಕೈಲಿದೆ."

"ಹಂಗಾರೆ ನಾವು ಎಳೀತೇವೆ," ಎಂದ ಜಟ್ಟಿ, ಹಗ್ಗ ಎಸೆದು. "ಕಟ್ಟು ಮಾರಾಯ, ಬಾಯಿ ತೆಕ್ಕಂಡು ನೋಡ್ಬೇಡ."

ಉಳಿದವರು ಹುಟ್ಟು ಹಿಡಿದರು. ಉಬ್ಬರದ ವಿರುದ್ಧ ಬೋಟು ಮೊದಲು ಮಿಸುಕಲಿಲ್ಲ. ಗಣಪಿ ಸುಲಿದ ಕೈಗೆ ಸೆರಗು ಸುತ್ತಿ ಹಗ್ಗಕ್ಕೆ ಜೋತುಬಿದ್ದಳು. ದಮಯಂತಿ ನಾಲಗೆಯನ್ನು ದೋಣಿಯ ತಳಕ್ಕೆ ಹಾಕಿ ಹುಟ್ಟು ಒತ್ತಿದಳು. ಮೊದಲ ಮಳೆಹನಿ ಬಿದ್ದಾಗ ಬೋಟು ಒಂದು ಮಾರಿನಷ್ಟು ಹಿಂದೆ ಸರಿದಿತ್ತು. ಅದರ ಮೇಲೆ ನಿಂತ ಮಕ್ಕಳು ತಮ್ಮ ತಂದೆಯಂದಿರು ತಮ್ಮನ್ನು ಊರಿನಿಂದ ದೂರ ಎಳೆಯುವುದನ್ನು ನೋಡುತ್ತಿದ್ದವು.